ಫುಲ್ ಆಟೋಮ್ಯಾಟಿಕ್ ಎಸ್ಪ್ರೆಸೊ ಮಶೀನ್ ಮನೇಲಿದ್ರೆ: ಸೆಟ್ಟಿಂಗಿಂದ ಡೀಸ್ಕೇಲಿಂಗ್‌ವರೆಗೆ ಹಂತ ಹಂತವಾಗಿ

ಹೊಸದಾಗಿ ಮಶೀನ್ ತಗೊಂಡವರು ಯಾರೇ ಆಗ್ಲಿ, ಎರಡು ವಾರದೊಳಗೆ ಕೇಳೋದು ಇವೇ ಮೂರು ಪ್ರಶ್ನೆ. ಕಾಫಿ ಯಾಕೆ ನೀರ್ನೀರಾಗಿ ಬರ್ತಿದೆ, ಕೆಳಗಿನ ಟ್ರೇಲಿ ಯಾಕೆ ಇಷ್ಟೊಂದು ನೀರು ತುಂಬ್ಕೊಳ್ಳುತ್ತೆ, ಡೀಸ್ಕೇಲ್ (ಒಳಗೆ ಕಟ್ಟಿದ ಸುಣ್ಣಾನ ಆಸಿಡ್ ಹಾಯಿಸಿ ತೆಗೆಯೋದು) ಲೈಟ್ ಹತ್ಕೊಂಡಿದೆ ಈಗೇನ್ ಮಾಡ್ಲಿ. ಆರು ತಿಂಗಳಾದ್ಮೇಲೆ ನಾಲ್ಕನೇದು ಬರುತ್ತೆ, "ಒಳಗೆ ಬೂಸ್ಟು ಹಿಡಿದಿದೆ!" ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಕಾದ ಹಂತಕ್ಕೆ ನೇರ ಹೋಗಿ.

ಶುರು ಮಾಡೋ ಮುಂಚೆ ಒಂದು ವಿಷ್ಯ ತಲೇಲಿರಲಿ. ಹೆಸರು ಫುಲ್ ಆಟೋಮ್ಯಾಟಿಕ್ ಅಂತಿದ್ರೂ ಈ ಮಶೀನಿಗೆ ಕಣ್ಣಿಲ್ಲ, ಬರೀ ಲೆಕ್ಕ ಗೊತ್ತು. ಎಷ್ಟು ನೀರು ಹೋಯ್ತು, ಎಷ್ಟು ಕಪ್ ಆಯ್ತು ಅಂತ ಎಣಿಸ್ಕೊಂಡು ಲೈಟ್ ಹತ್ತಿಸುತ್ತೆ ಅಷ್ಟೆ. ಒಳಗೆ ನಿಜವಾಗ್ಲೂ ಸುಣ್ಣ ಎಷ್ಟು ಕಟ್ಟಿದೆ, ಗಸಿ ಡಬ್ಬಿ ತುಂಬಿದ್ಯಾ ಖಾಲಿ ಇದ್ಯಾ, ಹಾಲಿನ ಪೈಪ್ ನಾರ್ತಿದ್ಯಾ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಜನ ಎಡವೋದು ಇಲ್ಲೇ, ಲೈಟ್ ಬರ್ಲಿಲ್ಲ ಅಂದ್ರೆ ಎಲ್ಲಾ ಚೆನ್ನಾಗಿದೆ ಅನ್ಕೊಂಡ್ಬಿಡ್ತಾರೆ.

ಒಳಗೆ ಏನೇನಿದೆ

ಮೇಲೆ ಬೀಜ ಹಾಕೋ ಬುಟ್ಟಿ, ಅದನ್ನ ಹಾಪರ್ ಅಂತಾರೆ. ಅದರ ಕೆಳಗೆ ಗ್ರೈಂಡರ್. ಪುಡಿ ಬಿದ್ದು ಸೇರೋ ಜಾಗ ಬ್ರೂ ಗ್ರೂಪ್, ಇದೇ ಮಶೀನಿನ ಹೃದಯ. ಪುಡೀನ ಒತ್ತಿ ಬಿಲ್ಲೆ ಮಾಡಿ, ಅದರೊಳಗಿಂದ ಬಿಸಿ ನೀರು ಹಾಯಿಸಿ, ಆಮೇಲೆ ಆ ಬಿಲ್ಲೇನ ಗಸಿ ಡಬ್ಬಿಗೆ ತಳ್ಳೋ ಕೆಲಸ ಎಲ್ಲಾ ಇದರದ್ದೇ. ಟ್ಯಾಂಕಿಂದ ನೀರನ್ನ ಪಂಪ್ ಎಳೀತದೆ, ಥರ್ಮೋಬ್ಲಾಕ್ ಅನ್ನೋ ಚಿಕ್ಕ ಹೀಟರ್ ಹಾಯ್ತಾ ಹಾಯ್ತಾನೇ ಬಿಸಿ ಮಾಡುತ್ತೆ. ಡಬ್ಬದ ಮೇಲೆ 15 ಬಾರ್, 19 ಬಾರ್ ಅಂತ ಬರೆದಿರ್ತಾರಲ್ಲ, ಅದು ಪಂಪಿನ ಗರಿಷ್ಠ ತಾಕತ್ತು, ಎಸ್ಪ್ರೆಸೊಗೆ ಬೇಕಿರೋದು ಸುಮಾರು 9 ಬಾರ್ ಒತ್ತಡ. ಹಾಗಾಗಿ ಆ ನಂಬರ್ ನೋಡಿ ಮಶೀನ್ ಆರಿಸಬೇಡಿ.

ಆರಿಸುವಾಗ ನೋಡ್ಬೇಕಾದ್ದು ಬ್ರೂ ಗ್ರೂಪ್ ಕೈಯಲ್ಲಿ ತೆಗೆಯಕ್ಕೆ ಬರುತ್ತಾ ಅಂತ. ಡಿಲಾಂಗಿ, ಫಿಲಿಪ್ಸ್, ಸಾಯೆಕೊ ಇವುಗಳಲ್ಲಿ ತೆಗೆದು ತೊಳೀಬಹುದು. ಜೂರಾದಲ್ಲಿ ಅದು ಒಳಗೇ ಇರುತ್ತೆ, ಮಾತ್ರೆ ಹಾಕಿ ಮಶೀನೇ ತೊಳ್ಕೊಳ್ಳೋ ಪದ್ಧತಿ. ಎರಡರಲ್ಲೂ ಒಳ್ಳೆ ಕಾಫಿ ಬರುತ್ತೆ. ನನಗಂತೂ ತೆಗೆಯಕ್ಕೆ ಬರೋದೇ ಇಷ್ಟ, ಕಣ್ಣಾರೆ ನೋಡ್ದೆ ಸಮಾಧಾನ ಆಗಲ್ಲ.

1. ಇಡೋ ಜಾಗ, ಪ್ಲಗ್

ಅಗಲ ಉದ್ದ ಅಳತೆ ಮಾಡಿ ಎತ್ತರ ಮರೀತಾರೆ. ಬೀಜ ತುಂಬಕ್ಕೆ ಮೇಲಿನ ಮುಚ್ಚಳ ತೆಗೀಬೇಕು, ತುಂಬಾ ಮಾಡೆಲ್‌ಗಳಲ್ಲಿ ಬ್ರೂ ಗ್ರೂಪಿನ ಬಾಗಿಲು ಪಕ್ಕದಲ್ಲಿರುತ್ತೆ, ಆ ಪಕ್ಕ ಗೋಡೆಗೆ ಅಂಟಿಸಿಟ್ರೆ ಪ್ರತಿ ವಾರ ಮಶೀನ್ ಎಳೆದಾಡ್ಬೇಕಾಗುತ್ತೆ, ಎಳೆದಾಡೋದು ಬೇಜಾರು ಅಂತ ತೊಳೆಯೋದೇ ನಿಂತ್ಹೋಗುತ್ತೆ. ಹೆಚ್ಚಿನವು 1400-1500 ವ್ಯಾಟ್ ಎಳೀತವೆ, ತೆಳ್ಳಗಿನ ಎಕ್ಸ್‌ಟೆನ್ಶನ್ ವೈರಿಗೆ ಹಾಕ್ಬೇಡಿ, ನೇರ ಗೋಡೆ ಸಾಕೆಟ್ಟಿಗೇ ಹಾಕಿ.

2. ನೀರು: ಇಲ್ಲಿ ತಪ್ಪಿದ್ರೆ ಮುಂದೆಲ್ಲಾ ತಪ್ಪುತ್ತೆ

ಡಬ್ಬದೊಳಗೆ ಒಂದು ಚಿಕ್ಕ ಕಾಗದದ ಪಟ್ಟಿ ಇರುತ್ತೆ, ಮುಕ್ಕಾಲು ಪಾಲು ಜನ ಅದನ್ನ ಪ್ಲಾಸ್ಟಿಕ್ ಜೊತೆ ಬಿಸಾಕ್ತಾರೆ ಅಂತ ನನ್ನ ಅನುಮಾನ. ಅದು ನೀರಿನ ಗಡಸುತನ ನೋಡೋ ಪಟ್ಟಿ. ಗಡಸು ಅಂದ್ರೆ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬಿಸಿ ಮಾಡಿದಾಗ ಇವೇ ಸುಣ್ಣದ ಪದರವಾಗಿ ಹೀಟರಲ್ಲಿ, ಸಣ್ಣ ಸಣ್ಣ ಪೈಪಲ್ಲಿ ಕೂತ್ಕೊಳ್ಳೋದು. ಪಟ್ಟೀನ ಒಂದು ಸೆಕೆಂಡ್ ಅದ್ದಿ ತೆಗೆದು ಒಂದು ನಿಮಿಷ ಬಿಟ್ಟು ಎಷ್ಟು ಚೌಕ ಬಣ್ಣ ಬದಲಾಯ್ತು ನೋಡಿ, ಆ ನಂಬರನ್ನ ಮಶೀನ್ ಮೆನುವಲ್ಲಿ ಹಾಕಿ.

ಇದು ಯಾಕೆ ಅಷ್ಟು ಮುಖ್ಯ ಅಂದ್ರೆ, ಡೀಸ್ಕೇಲ್ ಲೈಟ್ ಯಾವಾಗ ಬರ್ಬೇಕು ಅನ್ನೋ ಲೆಕ್ಕ ನಿಂತಿರೋದೇ ಈ ಒಂದು ನಂಬರ್ ಮೇಲೆ. ನಿಮ್ಮ ನೀರು ತುಂಬಾ ಗಡಸಾಗಿದ್ದು ನೀವು ಮೆದು ಅಂತ ಹಾಕಿದ್ರೆ, ಒಳಗೆ ಕಲ್ಲು ಕಟ್ಟಿದ್ಮೇಲೆ ಲೈಟ್ ಬರುತ್ತೆ. ಉಲ್ಟಾ ಹಾಕಿದ್ರೆ ಸುಮ್ಸುಮ್ನೆ ತಿಂಗಳು ತಿಂಗಳು ಆಸಿಡ್ ಕುಡಿಸ್ತಾ ಇರ್ತೀರಿ. ಮನೆ ಬದಲಾಯಿಸಿದ್ರೆ ಮತ್ತೆ ಅಳೀರಿ. ನೀರಿನ ರಿಪೋರ್ಟಲ್ಲಿ ಗಡಸುತನ ಜರ್ಮನ್ ಡಿಗ್ರಿ ಲೆಕ್ಕದಲ್ಲಿ ಇದ್ರೆ 1 ಡಿಗ್ರಿ ಅಂದ್ರೆ ಸುಮಾರು 17.8 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), 7 ಡಿಗ್ರಿ ಒಳಗಿದ್ರೆ ಮೆದು, 14 ದಾಟಿದ್ರೆ ಗಡಸು ಅಂತ ಇಟ್ಕೊಳ್ಳಿ. ಟಿಡಿಎಸ್ ಮೀಟರ್ ತೋರಿಸೋ ನಂಬರೇ ಗಡಸುತನ ಅಂದ್ಕೋಬೇಡಿ, ಅದು ಕರಗಿರೋ ಎಲ್ಲಾ ಲವಣದ ಅಂದಾಜು.

ಹಾಗಾದ್ರೆ ಡಿಸ್ಟಿಲ್ಡ್ ನೀರೇ ಹಾಕ್ಬಿಟ್ರೆ ಸುಣ್ಣದ ಕಾಟವೇ ಇಲ್ವಲ್ಲ ಅಂತ ಕೇಳ್ತಾರೆ. ಬೇಡ. ಖನಿಜ ಏನೂ ಇಲ್ಲದ ನೀರಲ್ಲಿ ಕಾಫಿ ಸಪ್ಪೆ ಸಪ್ಪೆ ಬರುತ್ತೆ, ಲೋಹದ ಭಾಗಗಳಿಗೂ ಒಳ್ಳೇದಲ್ಲ. ಆರ್‌ಒ ನೀರಾದ್ರೆ ಸ್ವಲ್ಪ ಸಾದಾ ನೀರು ಬೆರೆಸಿ, ಬೆರೆಸಿದ್ದನ್ನೇ ಪಟ್ಟಿ ಹಾಕಿ ಅಳೀರಿ.

ಟ್ಯಾಂಕಲ್ಲಿ ಕೂರಿಸೋ ಫಿಲ್ಟರ್ ಹಾಕೋದಾದ್ರೆ ಮೊದ್ಲು ನೀರಲ್ಲಿ ಮುಳುಗಿಸಿ, ಅಲ್ಲಾಡಿಸಿ ಗಾಳಿಗುಳ್ಳೆ ಪೂರ್ತಿ ಬಿಡಿಸಿ, ಇಲ್ಲಾಂದ್ರೆ ಪಂಪ್ ಗಾಳಿ ಎಳ್ಕೊಂಡು ಗರ್ರ್ ಅಂತ ಕೂಗುತ್ತೆ. ಆಮೇಲೆ ಮೆನುವಲ್ಲಿ ಫಿಲ್ಟರ್ ಹಾಕಿದೀನಿ ಅಂತ ಒತ್ತಿ, ಒತ್ತದಿದ್ರೆ ಅದಕ್ಕೆ ಗೊತ್ತೇ ಆಗಲ್ಲ. ಸಾಮಾನ್ಯವಾಗಿ ಎರಡು ತಿಂಗಳಿಗೊಂದು ಬದಲಾಯಿಸ್ಬೇಕು. ಫಿಲಿಪ್ಸ್ ಅಕ್ವಾಕ್ಲೀನ್ ಹಾಕಿದ್ರೆ 5000 ಕಪ್‌ವರೆಗೆ ಡೀಸ್ಕೇಲ್ ಬೇಡ ಅಂತ ಕಂಪನಿ ಹೇಳುತ್ತಲ್ಲ, ಅದು ಸೂಚನೆ ಬಂದಾಗೆಲ್ಲ ಹೊಸ ಫಿಲ್ಟರ್ ಹಾಕಿದವರಿಗೆ ಮಾತ್ರ, ಒಂದೇ ಫಿಲ್ಟರ್‌ಗೆ ಅಲ್ಲ.

3. ಬೀಜ

ಎಣ್ಣೆ ಸುರಿಯೋ ಹಾಗೆ ಕಪ್ಪಗೆ ಹುರಿದ ಬೀಜ ಬೇಡ. ಹಾಪರಿನ ಗೋಡೆಗೆ ಅಂಟ್ಕೊಂಡು ಕೆಳಗಿಳಿಯಲ್ಲ, ಬೀಜ ತುಂಬಿದ್ರೂ "ಬೀಜ ಇಲ್ಲ" ಅನ್ನುತ್ತೆ, ಗ್ರೈಂಡರಲ್ಲಿ ಜಿಡ್ಡು ಮೆತ್ಕೊಳ್ಳುತ್ತೆ. ಸಕ್ಕರೆ ಕ್ಯಾರಮೆಲ್ ಲೇಪ ಇರೋದು, ಫ್ಲೇವರ್ ಹಾಕಿದ್ದು ಖಂಡಿತಾ ಬೇಡ, ಅದು ಗ್ರೈಂಡರಿಗೆ ಅಂಟು ಹಾಕಿದ ಹಾಗೆ. ಮಧ್ಯಮ ಹುರಿದ, ಮುಟ್ಟಿದ್ರೆ ಒಣಗಿರೋ ಬೀಜ ಸರಿ. ಹಾಪರ್ ಭರ್ತಿ ಮಾಡ್ಬೇಡಿ, ಎರಡು ಮೂರು ದಿನಕ್ಕಾಗೋಷ್ಟು ಹಾಕಿ, ಉಳಿದಿದ್ದು ಗಾಳಿಯಾಡದ ಡಬ್ಬೀಲಿ.

ಪುಡಿಯನ್ನ ಹಾಪರಿಗೆ ಯಾವತ್ತೂ ಹಾಕ್ಬೇಡಿ. ಅದಕ್ಕೆ ಪಕ್ಕದಲ್ಲಿ ಬೇರೆ ಬಾಯಿ ಇರುತ್ತೆ. ಮೊದ್ಲು ಮೆನುವಲ್ಲಿ ಪುಡಿ ಅಂತ ಆರಿಸಿ, ಆಮೇಲೆ ಮಶೀನ್ ಜೊತೆ ಬಂದ ಚಮಚದಲ್ಲಿ ಒಂದೇ ಚಮಚ, ಎರಡು ಹಾಕಿದ್ರೆ ಸ್ಟ್ರಾಂಗ್ ಆಗಲ್ಲ, ಬ್ರೂ ಗ್ರೂಪ್ ಕಟ್ಕೊಳ್ಳುತ್ತೆ ಅಷ್ಟೆ.

4. ರುಚಿ ಕೂರಿಸೋದು

ಮೊದಲ ಐದಾರು ಕಪ್ ಚೆಲ್ಲಿಬಿಡಿ, ಬೇಜಾರಾಗ್ಬೇಡಿ. ಗ್ರೈಂಡರ್ ಖಾಲಿಯಿಂದ ತುಂಬ್ಕೊಳ್ಬೇಕು, ಕೆಲವು ಮಶೀನ್ ಪುಡಿಯ ಅಳತೇನ ತಾನೇ ಹೊಂದಿಸ್ಕೊಳ್ಳೋದೂ ಈಗಲೇ. "ನೀರ್ನೀರಾಗಿದೆ" ಅನ್ನೋ ದೂರಲ್ಲಿ ಅರ್ಧ ಇದಕ್ಕೇ.

ಇನ್ನರ್ಧ ನೀರಿನ ಅಳತೆ. ಮಶೀನ್ ಒಂದು ಸಲಕ್ಕೆ ಹಾಕೋದು ಮಾಡೆಲ್ ಮೇಲೆ ಹೆಚ್ಚುಕಮ್ಮಿ 7ರಿಂದ 12 ಗ್ರಾಂ ಪುಡಿ. ಅಷ್ಟೇ ಪುಡಿಯಿಂದ 120 ಎಂಎಲ್ ಎಳೆದ್ರೆ ಮೊದಲ 30-40 ಎಂಎಲ್‌ನಲ್ಲೇ ಸಾರ ಎಲ್ಲಾ ಬಂದಾಗಿರುತ್ತೆ, ಆಮೇಲೆ ಬರೋದು ಕಹಿ ನೀರು. ಕಪ್ ತಳದಲ್ಲಿ ಇಷ್ಟೇನಾ ಅನ್ನಿಸಿದ್ರೂ ಎಸ್ಪ್ರೆಸೊ ಅಳತೆ 30-40ಕ್ಕೆ ಇಳಿಸಿ. ದೊಡ್ಡ ಕಪ್ ಬೇಕಾ, ಎರಡು ಶಾಟ್ (ಒಂದು ಶಾಟ್ ಅಂದ್ರೆ ಒಂದು ಎಸ್ಪ್ರೆಸೊ) ಎಳೀರಿ ಅಥವಾ ಒಂದು ಶಾಟಿಗೆ ಬಿಸಿ ನೀರು ಸೇರಿಸಿ ಅಮೆರಿಕಾನೊ ಮಾಡ್ಕೊಳ್ಳಿ.

ಗ್ರೈಂಡ್ ಬದಲಾಯಿಸೋ ಗುಬಟನ್ನ ಗ್ರೈಂಡರ್ ಓಡ್ತಿರುವಾಗ ಮಾತ್ರ ತಿರುಗಿಸಿ, ಒಂದು ಸಲಕ್ಕೆ ಒಂದೇ ಮೆಟ್ಟಿಲು. ನಿಂತಿರುವಾಗ ಬಲವಂತ ಮಾಡಿದ್ರೆ ಹಲ್ಲುಗಳ ಮಧ್ಯೆ ಸಿಕ್ಕ ಬೀಜ ಒತ್ಕೊಂಡು ಒಳಗೆ ಏನಾದ್ರೂ ಮುರಿಯುತ್ತೆ. ತಿರುಗಿಸಿದ ತಕ್ಷಣ ವ್ಯತ್ಯಾಸ ಗೊತ್ತಾಗಲ್ಲ, ದಾರೀಲಿ ಹಳೇ ಪುಡಿ ಇರುತ್ತೆ, ಎರಡು ಮೂರು ಕಪ್ ಆದ್ಮೇಲೆ ಕುಡಿದು ನೋಡಿ. ತಾಳ್ಮೆ ಇಲ್ದೆ ಒಂದೇ ಬೆಳಗ್ಗೆ ನಾಲ್ಕು ಮೆಟ್ಟಿಲು ಇಳಿಸಿ ಮಾರನೇ ದಿನ ಹನಿ ಹನಿ ಬರ್ತಾ ಕೂತಿದ್ದು ನಾನೇ.

ಕಾಫಿ ಹುಳಿ ಹುಳಿ, ತೆಳ್ಳಗಿದ್ರೆ: ಗ್ರೈಂಡ್ ಒಂದು ಮೆಟ್ಟಿಲು ನುಣ್ಣಗೆ, ಆಗದಿದ್ರೆ ಟೆಂಪರೇಚರ್ ಒಂದು ಹಂತ ಜಾಸ್ತಿ. ಕಹಿ, ಸುಟ್ಟ ವಾಸನೆ, ನಾಲಿಗೆ ಒಣಗೋ ಹಾಗಿದ್ರೆ: ನೀರು ಕಮ್ಮಿ ಮಾಡಿ, ಆಮೇಲೆ ಗ್ರೈಂಡ್ ಒಂದು ಮೆಟ್ಟಿಲು ತರಿ, ಟೆಂಪರೇಚರ್ ಕಮ್ಮಿ. ಒಟ್ಟಿಗೆ ಎರಡು ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ.

5. ದಿನಾ ಮಾಡೋದು

ಆನ್ ಆಗುವಾಗ, ಆಫ್ ಆಗುವಾಗ ಮಶೀನ್ ಬಿಸಿ ನೀರಲ್ಲಿ ತನ್ನ ಪೈಪ್ ತೊಳ್ಕೊಳ್ಳುತ್ತೆ, ಆ ನೀರಲ್ಲಿ ಒಂದಿಷ್ಟು ನೇರ ಡ್ರಿಪ್ ಟ್ರೇಗೇ ಹೋಗುತ್ತೆ. ಟ್ರೇ ತುಂಬೋದು ಲೀಕ್ ಅಲ್ಲ. ದಿನಕ್ಕೊಂದ್ಸಲ ಟ್ರೇ, ಗಸಿ ಡಬ್ಬಿ ಎರಡೂ ಖಾಲಿ ಮಾಡಿ ತೊಳೀರಿ.

ಗಸಿ ಡಬ್ಬೀನ ಮಶೀನ್ ಆನ್ ಇರುವಾಗ್ಲೇ ಎಳೆದು ಖಾಲಿ ಮಾಡ್ಬೇಕು. ಆಫ್ ಇದ್ದಾಗ ಮಾಡಿದ್ರೆ ತುಂಬಾ ಮಾಡೆಲ್‌ಗಳಲ್ಲಿ ಎಣಿಕೆ ಸೊನ್ನೆಗೆ ಬರಲ್ಲ, ಖಾಲಿ ಡಬ್ಬಿ ಇಟ್ಕೊಂಡು "ಗಸಿ ತುಂಬಿದೆ" ಅಂತ ಹಠ ಹಿಡಿಯುತ್ತೆ. ಹಾಗೇ ಡಬ್ಬೀನ ಸುಮ್ನೆ ಎಳೆದು ಖಾಲಿ ಮಾಡ್ದೆ ವಾಪಸ್ ತಳ್ಳಿದ್ರೆ ಲೆಕ್ಕ ಸೊನ್ನೆಯಾಗಿ, ಗಸಿ ಮಾತ್ರ ಮೇಲೆ ಮೇಲೆ ಪೇರಿಸ್ಕೊಂಡು ಬ್ರೂ ಗ್ರೂಪಿಗೇ ತಾಗುತ್ತೆ. ಬಿಸಿ, ತೇವ, ಕತ್ತಲೆ ಮೂರೂ ಇರೋ ಜಾಗ ಅದು, ಮೂರ್ನಾಲ್ಕು ದಿನ ಬಿಟ್ರೆ ಬೂಸ್ಟು ಗ್ಯಾರಂಟಿ. ಟ್ಯಾಂಕಿನ ನೀರನ್ನೂ ದಿನಾ ಚೆಲ್ಲಿ ಹೊಸದು ಹಾಕಿ, ಇರೋದ್ರ ಮೇಲೇ ತುಂಬ್ಸೋದಲ್ಲ.

6. ವಾರಕ್ಕೊಮ್ಮೆ: ಬ್ರೂ ಗ್ರೂಪ್ ತೊಳೆಯೋದು

ಮೊದ್ಲು ಮಶೀನಿನ ಬಟನ್ನಿಂದಲೇ ಆಫ್ ಮಾಡಿ, ಪ್ಲಗ್ ಕೀಳೋದು ಆಮೇಲೆ. ಬಟನ್ ಒತ್ತಿದಾಗ ಬ್ರೂ ಗ್ರೂಪ್ ತನ್ನ ಜಾಗಕ್ಕೆ ಬಂದು ನಿಲ್ಲುತ್ತೆ, ಸದ್ದು ಪೂರ್ತಿ ನಿಲ್ಲೋವರೆಗೂ ಕಾಯಿರಿ. ನೇರ ಪ್ಲಗ್ ಕಿತ್ರೆ ಅದು ಅರ್ಧ ದಾರೀಲಿ ನಿಂತಿರುತ್ತೆ, ಎಷ್ಟೆಳೆದ್ರೂ ಬರಲ್ಲ. ಹಾಗಾದ್ರೆ ಬಲ ಹಾಕ್ಬೇಡಿ, ಬಾಗಿಲು ಮುಚ್ಚಿ ಮತ್ತೆ ಆನ್ ಮಾಡಿ ಆಫ್ ಮಾಡಿ.

ಹೊರಗೆ ಬಂದ್ಮೇಲೆ ಉಗುರುಬೆಚ್ಚಗಿನ ನಲ್ಲಿ ನೀರಲ್ಲಿ ತೊಳೀರಿ, ಮೇಲಿನ ಜಾಲರಿ ಚೆನ್ನಾಗಿ ಉಜ್ಜಿ. ಸೋಪು ಬೇಡ, ಡಿಶ್‌ವಾಷರ್ ಬೇಡವೇ ಬೇಡ, ಅದರಲ್ಲಿರೋ ಗ್ರೀಸ್ ಎಲ್ಲಾ ಹೋಗಿ ಕಿರ್ರ್ ಅನ್ನಕ್ಕೆ ಶುರುವಾಗುತ್ತೆ. ಬಟ್ಟೇಲಿ ಒರೆಸ್ಬೇಡಿ, ನೂಲಿನ ಎಳೆ ಒಳಗೆ ಸೇರ್ಕೊಳ್ಳುತ್ತೆ, ಗಾಳೀಲಿ ಆರೋಕೆ ಬಿಡಿ. ಅಷ್ಟರಲ್ಲಿ ಟಾರ್ಚ್ ಹಿಡ್ಕೊಂಡು ಒಳಗಿನ ಗೂಡು ನೋಡಿ, ಉದುರಿದ ಪುಡಿ ಇದ್ದೇ ಇರುತ್ತೆ, ಒಣ ಬ್ರಷ್ಷಲ್ಲಿ ಗುಡಿಸಿ. ವಾಪಸ್ ಹಾಕುವಾಗ ಬಾಣದ ಗುರುತುಗಳು ಒಂದಕ್ಕೊಂದು ಕೂಡ್ಬೇಕು, ಹೋಗ್ತಿಲ್ಲ ಅಂದ್ರೆ ಗುರುತು ಸರಿದಿದೆ ಅಂತ, ಗುದ್ದಿ ಕೂರಿಸ್ಬೇಡಿ.

7. ತಿಂಗಳಿಗೊಮ್ಮೆ: ಎಣ್ಣೆ ತೆಗೆಯೋ ಮಾತ್ರೆ, ಗ್ರೀಸ್

ಸುಣ್ಣಕ್ಕೆ ಹುಳಿ, ಎಣ್ಣೆಗೆ ಸೋಪಿನಂಥ ಮಾತ್ರೆ. ಇದೊಂದು ನೆನಪಿದ್ರೆ ಯಾವ ಪ್ಯಾಕೆಟ್ ಎಲ್ಲಿಗೆ ಅಂತ ಗೊಂದಲ ಆಗಲ್ಲ. ಕಾಫಿ ಬೀಜದ ಎಣ್ಣೆ ಬ್ರೂ ಗ್ರೂಪ್ ಒಳಗಡೆ ಕೂತು ಕಮಟು ವಾಸನೆ ಬರುತ್ತೆ, ಬರೀ ನೀರಿಗೆ ಹೋಗಲ್ಲ. ಅದಕ್ಕೆ ಕ್ಲೀನಿಂಗ್ ಮಾತ್ರೆ, ಪುಡಿ ಹಾಕೋ ಬಾಯಿಗೆ ಹಾಕೋದು. ಡೀಸ್ಕೇಲರ್ ನೀರಿನ ಟ್ಯಾಂಕಿಗೆ ಹಾಕೋದು. ಅದಲು ಬದಲು ಮಾಡ್ಬೇಡಿ. ಬ್ರೂ ಗ್ರೂಪ್ ತೆಗೆಯಕ್ಕೆ ಬರದ ಮಶೀನಲ್ಲಿ ಈ ಮಾತ್ರೆಯೇ ಗತಿ, ಸುಮಾರು 180-200 ಕಪ್‌ಗೊಮ್ಮೆ ಅದೇ ಕೇಳುತ್ತೆ, ಮುಂದೂಡ್ಬೇಡಿ.

ಗ್ರೀಸ್ ಅಂದ್ರೆ ಆಹಾರಕ್ಕೆ ಯೋಗ್ಯ ಅಂತ ಬರೆದಿರೋ ಸಿಲಿಕೋನ್ ಗ್ರೀಸ್ ಮಾತ್ರ. ಅಡುಗೆ ಎಣ್ಣೆ ಕಮಟುತ್ತೆ, ವ್ಯಾಸ್ಲೀನ್ ರಬ್ಬರ್ ಕೆಡಿಸುತ್ತೆ. ಜಾರೋ ಹಳಿಗಳಿಗೆ, ರಬ್ಬರ್ ರಿಂಗಿಗೆ ಉದ್ದಿನ ಕಾಳಿನಷ್ಟು ತೆಳ್ಳಗೆ ಸವರಿ ಸಾಕು. ಎಷ್ಟು ದಿನಕ್ಕೊಮ್ಮೆ, ಎಲ್ಲೆಲ್ಲಿ ಅನ್ನೋದು ಮಾಡೆಲ್ ಮೇಲೆ ಹೋಗುತ್ತೆ, ಮ್ಯಾನ್ಯುಯಲ್ಲಲ್ಲಿ ಚಿತ್ರ ಇರುತ್ತೆ.

ಗ್ರೈಂಡರಿಗೆ ಅಕ್ಕಿ ಹಾಕಿ ಓಡಿಸಿ ಕ್ಲೀನ್ ಮಾಡೋ ಉಪಾಯ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಅದು ಕಾಫಿ ಬೀಜಕ್ಕೆ ಅಂತ ಮಾಡಿರೋ ಮೋಟರ್. ಹಾಪರ್ ಖಾಲಿ ಮಾಡಿ, ಪ್ಲಗ್ ತೆಗೆದು, ವ್ಯಾಕ್ಯೂಮ್ ಹಿಡಿದು ಒಣ ಬಟ್ಟೇಲಿ ಗೋಡೆಯ ಜಿಡ್ಡು ಒರೆಸಿದ್ರೆ ಆಯ್ತು.

8. ಹಾಲಿನ ಭಾಗ

ಅತಿ ಬೇಗ ಕೆಡೋದು ಇದೇ, ಮಶೀನಿಗೆ ಅತಿ ಕಮ್ಮಿ ಗೊತ್ತಾಗೋದೂ ಇದೇ. ಪ್ರತಿ ಹಾಲಿನ ಕಾಫಿ ಆದ್ಮೇಲೆ ಕ್ಲೀನ್ ಬಟನ್ ಒತ್ತಿ. ಉಳಿದ ಹಾಲನ್ನ ಜಗ್ ಸಮೇತ ಫ್ರಿಜ್ಜಿಗೆ ಇಡಬಹುದು, ಆದ್ರೆ ದಿನದ ಕೊನೆಗೆ ಎಲ್ಲಾ ಬಿಚ್ಚಿ ತೊಳೀಲೇಬೇಕು. ಮೊದ್ಲು ತಣ್ಣೀರು, ಆಮೇಲೆ ಸೋಪಿನ ಬಿಸಿ ನೀರು. ಮೊದಲೇ ಕುದಿ ನೀರು ಹಾಕಿದ್ರೆ ಹಾಲು ಅಲ್ಲೇ ಗಟ್ಟಿಯಾಗಿ ಅಂಟುತ್ತೆ. ಸಣ್ಣ ಪೈಪ್ ಇರೋ ಮಾದರಿಯಾದ್ರೆ ವಾರಕ್ಕೊಮ್ಮೆ ಹಾಲಿನ ಕ್ಲೀನರ್ ದ್ರಾವಣ ಎಳೆಸಿ. ನೊರೆ ಬರ್ತಿಲ್ಲ ಅಂತ ಮಶೀನ್ ಬೈಯೋ ಮುಂಚೆ ಗಾಳಿ ಎಳ್ಕೊಳ್ಳೋ ಸೂಜಿತೂತು ನೋಡಿ, ಹತ್ತರಲ್ಲಿ ಎಂಟು ಸಲ ಅಲ್ಲೇ ಒಣ ಹಾಲು ಕೂತಿರುತ್ತೆ. ಹಾಲು ಫ್ರಿಜ್ಜಿಂದ ತೆಗೆದ ತಣ್ಣಗಿನದ್ದೇ ಇರ್ಲಿ, ಉಗುರುಬೆಚ್ಚಗಾದ್ರೆ ನೊರೆ ಏಳೋದ್ರೊಳಗೆ ಬಿಸಿ ಹತ್ಬಿಡುತ್ತೆ.

9. ಡೀಸ್ಕೇಲಿಂಗ್

ಅರ್ಧ ಗಂಟೆ ಹೆಚ್ಚುಕಮ್ಮಿ ಬೇಕು, ಮಧ್ಯೆ ಬಿಟ್ಟು ಹೋಗೋ ಹಾಗಿಲ್ಲ, ಹಾಗಾಗಿ ಆತುರದ ಬೆಳಗ್ಗೆ ಶುರು ಮಾಡ್ಬೇಡಿ.

ಮೊದ್ಲು ಟ್ಯಾಂಕಿನ ಫಿಲ್ಟರ್ ತೆಗೀರಿ, ಇದನ್ನೇ ಎಲ್ಲಾರೂ ಮರೆಯೋದು, ಆಸಿಡ್ಡಲ್ಲಿ ಫಿಲ್ಟರ್ ಹಾಳಾಗುತ್ತೆ. ಟ್ರೇ, ಗಸಿ ಡಬ್ಬಿ ಖಾಲಿ ಮಾಡಿ. ಟ್ಯಾಂಕಿಗೆ ಡೀಸ್ಕೇಲರ್ ಮತ್ತು ನೀರು, ಗೆರೆ ಹಾಕಿರೋ ಮಟ್ಟದವರೆಗೆ. ಕಾಫಿ ಬೀಳೋ ಮೂತಿ, ಬಿಸಿ ನೀರಿನ ಮೂತಿ ಎರಡಕ್ಕೂ ಕೆಳಗೆ ಒಂದೂವರೆ ಎರಡು ಲೀಟರ್ ಹಿಡಿಯೋ ಪಾತ್ರೆ ಇಡಿ. ಮೆನುವಲ್ಲಿ ಡೀಸ್ಕೇಲ್ ಶುರು ಮಾಡಿ. ಸ್ವಲ್ಪ ಬಿಟ್ಟು, ನಿಲ್ಲಿಸಿ, ಮತ್ತೆ ಬಿಡ್ತಾ ಇರುತ್ತೆ, ಕೆಟ್ಟೋಯ್ತು ಅನ್ಕೋಬೇಡಿ, ಆಸಿಡ್ ಒಳಗೆ ನೆನೀಲಿ ಅಂತಲೇ ಹಾಗೆ. ಆಮೇಲೆ ಟ್ಯಾಂಕ್ ಚೆನ್ನಾಗಿ ತೊಳೆದು ಬರೀ ನೀರು ತುಂಬಿ, ಅದು ಕೇಳಿದಷ್ಟು ಸಲ ರಿನ್ಸ್ ಮಾಡಿ. ಮಧ್ಯೆ ಕರೆಂಟ್ ಹೋದ್ರೆ ಬಂದ್ಮೇಲೆ ಅದೇ ರಿನ್ಸ್ ಕೇಳುತ್ತೆ, ಅದು ಮುಗಿಯೋವರೆಗೆ ಅದರ ಕಾಫಿ ಕುಡೀಬೇಡಿ.

ಅಡುಗೆ ಕಟ್ಟೆ ಮಾರ್ಬಲ್ ಆಗಿದ್ರೆ ಕೆಳಗೆ ಬಟ್ಟೆ ಹಾಸಿ, ಮಾರ್ಬಲ್ಲೂ ಸುಣ್ಣದ ಕಲ್ಲೇ, ಒಂದು ಹನಿ ಬಿದ್ರೆ ಹೊಳಪು ಹೋಗಿ ಕಲೆ ಉಳಿಯುತ್ತೆ.

ವಿನೆಗರ್ ಹಾಕ್ಬಹುದಾ? ಹಾಕ್ಬೇಡಿ, ವಾಸನೆ ಹತ್ತಾರು ಕಪ್‌ವರೆಗೆ ಹೋಗಲ್ಲ, ರಬ್ಬರ್ ಸೀಲಿಗೂ ಒಳ್ಳೇದಲ್ಲ. ಸಿಟ್ರಿಕ್ ಆಸಿಡ್? ತಣ್ಣಗೆ ಪಾತ್ರೆಗೆ ಸರಿ, ಆದ್ರೆ ಬಿಸಿಯಾದಾಗ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಅನ್ನೋ ಸುಲಭಕ್ಕೆ ಕರಗದ ಪುಡಿ ಆಗ್ಬಹುದು, ಸಣ್ಣ ಪೈಪಲ್ಲಿ ಅದೇ ಕಟ್ಕೊಂಡ್ರೆ ಮುಂಚಿಗಿಂತ ಕಷ್ಟ. ಮಶೀನಿಗೆ ಅಂತಲೇ ಬರೋ ಲ್ಯಾಕ್ಟಿಕ್ ಆಸಿಡ್ ಅಥವಾ ಸಲ್ಫಾಮಿಕ್ ಆಸಿಡ್ ಇರೋ ಡೀಸ್ಕೇಲರ್ ತಗೊಳ್ಳಿ. ತುಂಬಾ ದಿನ ಮುಂದೂಡಿದ್ರೆ ಸುಣ್ಣ ಕರಗೋ ಬದಲು ಚಕ್ಕೆ ಚಕ್ಕೆಯಾಗಿ ಕಿತ್ಕೊಂಡು ಬಂದು ವಾಲ್ವಲ್ಲಿ ಸಿಕ್ಕಾಕ್ಕೊಳ್ಳುತ್ತೆ, "ಡೀಸ್ಕೇಲ್ ಮಾಡಿದ್ಮೇಲೇ ಕೆಟ್ಟಿದ್ದು" ಅನ್ನೋ ಕತೆ ಎಷ್ಟೋ ಸಲ ಹಿಂಗೇ ಹುಟ್ಟೋದು.

10. ವಾರಗಟ್ಟಲೆ ಮನೇಲಿಲ್ದಿದ್ರೆ

ಟ್ಯಾಂಕ್, ಟ್ರೇ, ಗಸಿ ಡಬ್ಬಿ ಖಾಲಿ ಮಾಡಿ ಒಣಗಿಸಿ. ಬೀಜ ತೆಗೆದು ಡಬ್ಬಿಗೆ ಹಾಕಿ. ಬ್ರೂ ಗ್ರೂಪ್ ತೊಳೆದು ಹೊರಗೇ ಇಡಿ. ನೀರು ಹೆಪ್ಪುಗಟ್ಟೋ ಚಳಿ ಇರೋ ಜಾಗ ಆದ್ರೆ ಪೈಪಿನ ನೀರು ಖಾಲಿ ಮಾಡೋ ಪ್ರೋಗ್ರಾಂ ಮೆನುವಲ್ಲಿ ಹುಡುಕಿ ಓಡಿಸಿ, ಇಲ್ಲಾಂದ್ರೆ ಹೀಟರ್ ಪೈಪ್ ಒಡೆಯುತ್ತೆ. ವಾಪಸ್ ಬಂದ್ಮೇಲೆ ಎರಡು ಸಲ ಬರೀ ನೀರು ಬಿಟ್ಟು, ಮೊದಲ ಕಪ್ ಚೆಲ್ಲಿ.

ಕೆಟ್ಟಿದೆ ಅನ್ನಿಸಿದಾಗ ಮೊದ್ಲು ನೋಡೋದು

ಟ್ಯಾಂಕ್ ತುಂಬಿದ್ರೂ ನೀರಿಲ್ಲ ಅಂದ್ರೆ: ಟ್ಯಾಂಕ್ ಸರಿಯಾಗಿ ಕೂತಿಲ್ಲ, ಒಳಗಿನ ಫ್ಲೋಟ್ ಅಂದ್ರೆ ತೇಲೋ ಬಿರಡೆ ಸಿಕ್ಕಾಕ್ಕೊಂಡಿದೆ, ಇಲ್ಲಾ ಗಾಳಿ ಸೇರಿದೆ. ಫಿಲ್ಟರ್ ತೆಗೆದು ಬಿಸಿ ನೀರಿನ ಬಟನ್ ಒತ್ತಿ ಸ್ವಲ್ಪ ಹೊತ್ತು ಬಿಟ್ರೆ ಗಾಳಿ ಹೋಗುತ್ತೆ.

ಹನಿ ಹನಿ ಬರ್ತಿದ್ರೆ: ಗ್ರೈಂಡ್ ತುಂಬಾ ನುಣ್ಣಗಿದೆ ಅಥವಾ ಬ್ರೂ ಗ್ರೂಪಿನ ಜಾಲರಿ ಕಟ್ಟಿದೆ. ಪತ್ತೆ ಮಾಡೋದು ಸುಲಭ, ಬರೀ ಬಿಸಿ ನೀರು ಬಿಟ್ಟು ನೋಡಿ, ಅದು ಧಾರಾಕಾರ ಬಂದ್ರೆ ತೊಂದ್ರೆ ಪುಡಿ ಕಡೆಯದು, ಅದೂ ಸಣ್ಣಗೆ ಬಂದ್ರೆ ಸುಣ್ಣ.

ಗ್ರೈಂಡರ್ ಕರ್ಕಶವಾಗಿ ಕಿರುಚಿದ್ರೆ ತಕ್ಷಣ ನಿಲ್ಲಿಸಿ, ಬೀಜದ ಜೊತೆ ಕಲ್ಲು ಬಂದಿರುತ್ತೆ. ಗಸಿ ಬಿಲ್ಲೆಯಾಗದೆ ಕೆಸರಾಗಿ ಬೀಳ್ತಿದ್ರೆ ಗ್ರೈಂಡ್ ತರಿ ಜಾಸ್ತಿಯಾಗಿರ್ಬಹುದು. ಕಪ್ಪಿಗೆ ಬರೋ ಕಾಫಿ ಕಮ್ಮಿಯಾಗ್ತಾ ಟ್ರೇಲಿ ನೀರು ಜಾಸ್ತಿಯಾಗ್ತಿದ್ರೆ ಮಾತ್ರ ಅದು ನಿಜವಾದ ಲೀಕ್, ಬ್ರೂ ಗ್ರೂಪಿನ ರಬ್ಬರ್ ರಿಂಗ್ ಸವೆದಿರುತ್ತೆ. ತೆಗೆಯಕ್ಕೆ ಬರೋ ಗ್ರೂಪ್ ಆದ್ರೆ ಅದೇ ಅಳತೆಯ ರಿಂಗ್ ತಂದು ನೀವೇ ಹಾಕ್ಬಹುದು.

ಇದಕ್ಕೂ ಸರಿ ಹೋಗ್ಲಿಲ್ಲ ಅಂದ್ರೆ ಹೊರಗಿನ ಕವಚ ಬಿಚ್ಚಕ್ಕೆ ಹೋಗ್ಬೇಡಿ, ಒಳಗೆ ಮೇನ್ಸ್ ಕರೆಂಟು, ಬಿಸಿ, ಒತ್ತಡ ಮೂರೂ ಇದೆ. ಸರ್ವಿಸ್ಸಿಗೆ ಕಳಿಸುವಾಗ ಟ್ಯಾಂಕ್, ಟ್ರೇ, ಹಾಪರ್ ಖಾಲಿ ಮಾಡಿ ಬೇರೆ ಬೇರೆ ಸುತ್ತಿ ಕಳಿಸಿ, ಯಾವ ಕಪ್ ಮಾಡುವಾಗ ಏನಾಯ್ತು ಅಂತ ಒಂದು ಚೀಟಿ ಜೊತೆಗಿಡಿ, ಇಲ್ಲಾಂದ್ರೆ "ಟೆಸ್ಟ್ ಮಾಡಿದ್ವಿ ಸರಿ ಇದೆ" ಅಂತ ವಾಪಸ್ ಬರುತ್ತೆ. ಮಶೀನ್ ಬಂದ ಥರ್ಮೋಕೋಲ್ ಡಬ್ಬಾನ ಅಟ್ಟದ ಮೇಲೆ ಇಟ್ಟಿದ್ರೆ ಆ ದಿನ ಉಪಯೋಗಕ್ಕೆ ಬರುತ್ತೆ.